ಬಿಯರ್ ಅಂಕಲ್ ಅವರ ಮೂಗು

ಹೂಸ್ಟನ್‌ನಲ್ಲಿ ಅವರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ವಾಟ್ಸ್ಯಾಪ್ ಗುಂಪಿನಲ್ಲಿ. ನಾನು ನೋಡುವಷ್ಟರಲ್ಲಿ ಅದರ ಕೆಳಗೆ ಸಂತಾಪಗಳು ಸಾಲುಗಟ್ಟಿದ್ದವು. ಕೈಮುಗಿದ ಚಿತ್ರಗಳು, ಓಂ ಶಾಂತಿಗಳು, ಉರಿಯುವ ದೀಪಗಳು. ನಡುವೆ ಸತೀಶ ಬರೆದಿದ್ದ: ‘ಅಂಕಲ್ ಮಾಡುತ್ತಿದ್ದ ಪೇಲ್ ಏಲ್‌ನ ರುಚಿ ಇನ್ನೂ ನಾಲಗೆ ಮೇಲಿದೆ. ಅಂಥ ಬಿಯರ್ ಇನ್ನು ಸಿಗುವುದಿಲ್ಲ.’ ಹೌದು ಹೌದು ಎಂದು ಹತ್ತಾರು ಜನ ಅದಕ್ಕೆ ದನಿಗೂಡಿಸಿದ್ದರು.

ಫೋನನ್ನು ಮೇಜಿನ ಮೇಲೆ ಮಗುಚಿಟ್ಟು ಎದ್ದು ಹೊರಗೆ ಹೋದೆ. ಪ್ರೀತಿಯಿಂದ ಅವರ ಬಗ್ಗೆ ಬರೆಯುತ್ತಿದ್ದೇನೆ ಎಂದರೆ ಸುಳ್ಳಾಗುತ್ತದೆ. ಆ ಸಾಲುಗಳನ್ನು ಓದಿದಾಗ ಉಂಟಾದ ಹೇಸಿಗೆಯಿಂದ ಬರೆಯುತ್ತಿದ್ದೇನೆ.

ಡಾಲಸ್ ಸುತ್ತಮುತ್ತಲ ಕನ್ನಡದವರು ಅವರನ್ನು ಬಿಯರ್ ಅಂಕಲ್ ಎಂದು ಕರೆಯುತ್ತಿದ್ದರು. ಅವರ ಎದುರಿಗೆ ಬರೀ ಅಂಕಲ್. ಹೆಸರು ಇಲ್ಲಿ ಬೇಡ. ಮೈಸೂರಿನವರು, ಕೆಮಿಕಲ್ ಎಂಜಿನಿಯರ್. ದುಡಿಮೆಯ ವರ್ಷಗಳನ್ನೆಲ್ಲ ಹೂಸ್ಟನ್‌ನಲ್ಲಿ ಕಳೆದು, ನಿವೃತ್ತರಾದ ಮೇಲೆ ಡಾಲಸ್ ಪಕ್ಕದ ಯೂಲೆಸ್‌ನಲ್ಲಿ ಏರ್‌ಪೋರ್ಟಿಗೆ ಅಂಟಿಕೊಂಡಂತಿದ್ದ ಬಡಾವಣೆಯಲ್ಲಿ ಮನೆ ಮಾಡಿದ್ದರು. ತಲೆಯ ಮೇಲೆ ವಿಮಾನ ಬಂದಾಗ ಮಾತು ನಿಲ್ಲಿಸುತ್ತಿದ್ದರು. ಅದು ದಾಟಿದ ಮೇಲೆ ಅರ್ಧಕ್ಕೆ ಬಿಟ್ಟ ಪದದಿಂದಲೇ ಮುಂದುವರಿಸುತ್ತಿದ್ದರು. ಎದುರಿಗಿದ್ದವನು ಆ ಹೊತ್ತಿನಲ್ಲಿ ಏನಾದರೂ ಹೇಳಿದ್ದರೆ ಅದು ಅವರಿಗೆ ಲೆಕ್ಕಕ್ಕೇ ಇಲ್ಲ. ಮಗಳಿಗೆ ಹೂಸ್ಟನ್‌ನಲ್ಲಿ ಮಗುವಾದ ಮೇಲೆ ಅವರ ಹೆಂಡತಿ ಹೆಚ್ಚಾಗಿ ಅಲ್ಲಿಯೇ ಇರುತ್ತಿದ್ದರು. ಹಾಗಾಗಿ ಯೂಲೆಸ್‌ನ ಮನೆಯಲ್ಲಿ ಇವರೊಬ್ಬರೇ, ಗ್ಯಾರೇಜಿನ ತುಂಬ ಬಿಯರ್ ಮಾಡುವ ಪಾತ್ರೆಗಳು.

ಅವರನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಮೂಗು. ದೊಡ್ಡದೇನಲ್ಲ. ಆದರೆ ಅವರಿಗೆ ಏನಾದರೂ ಹಿಡಿಸದಿದ್ದಾಗ ಎಡ ಹೊಳ್ಳೆ ಮಾತ್ರ ಮೇಲಕ್ಕೆ ಎದ್ದು, ಆ ಬದಿಯ ತುಟಿಯನ್ನೂ ಎಳೆದುಕೊಂಡು ಹೋಗುತ್ತಿತ್ತು. ಹಿಡಿಸದ ಸಂಗತಿಗಳೇ ಹೆಚ್ಚಾಗಿದ್ದರಿಂದ ಮುಖದ ಆ ಬದಿಯಲ್ಲಿ ಒಂದು ಗೆರೆಯೇ ಬಿದ್ದುಹೋಗಿತ್ತು. ಹೋಟೆಲಿಗೆ ಹೋದರೆ ಮೊದಲು ನೀರಿನ ಲೋಟ ಮೂಸುವರು. ಯಾರದಾದರೂ ಕಾರು ಹತ್ತಿದರೆ ಕನ್ನಡಿಗೆ ನೇತುಹಾಕಿದ ಸುಗಂಧದ ಬಿಲ್ಲೆಯನ್ನು ಕಿತ್ತು ಡ್ಯಾಶ್‌ಬೋರ್ಡಿನೊಳಗೆ ತುರುಕುವರು. ಕೇಳುವ ಪದ್ಧತಿ ಇಲ್ಲ. ಫ್ಲವರ್ ಮೌಂಡ್ ಊರಿನ ನಮ್ಮ ಮನೆಗೆ ಮೊದಲ ಸಲ ಬಂದಾಗ, ನನ್ನ ಹೆಂಡತಿ ಕೊಟ್ಟ ಕಾಫಿಯನ್ನು ಮೂಗಿನ ಹತ್ತಿರ ಹಿಡಿದು, ಡಿಕಾಕ್ಷನ್ ಫ್ರಿಜ್ಜಿನಲ್ಲಿ ಈರುಳ್ಳಿಯ ಪಕ್ಕ ಇತ್ತು ಎಂದು ಹೇಳಿ ಲೋಟವನ್ನು ಹಾಗೆಯೇ ವಾಪಸ್ಸು ಕೊಟ್ಟರು. ಇನ್ನು ಈ ಮನುಷ್ಯನನ್ನು ಮನೆಗೆ ಕರೆಯಬೇಡಿ ಎಂದು ಅವಳು ನನಗೆ ಹೇಳಿದಳು. ಆಮೇಲೆ ಸದ್ದಿಲ್ಲದೆ ಹೆಚ್ಚಿದ ಈರುಳ್ಳಿಯ ಡಬ್ಬಿಯನ್ನು ಬೇರೆ ಕಡೆಗೆ ಸರಿಸಿದಳು.

ಹತ್ತಿರದ ಕಾಪೆಲ್‌ನಲ್ಲಿ ಸತೀಶನ ಮನೆ ನಮ್ಮ ಗುಂಪಿಗೆ ಒಂಥರಾ ಸಮುದಾಯ ಭವನ. ಹಿತ್ತಿಲು ದೊಡ್ಡದು, ಮನಸ್ಸೂ ದೊಡ್ಡದೆಂದು ಆಗ ಎಲ್ಲರೂ ಅಂದುಕೊಂಡಿದ್ದೆವು. ಅವನ ಹೆಂಡತಿ ವೀಣಾ ಹುಬ್ಬಳ್ಳಿ ಕಡೆಯವಳು. ಒಂದು ಯುಗಾದಿಗೆ ಅವಳು ದೊಡ್ಡ ಪಾತ್ರೆಯ ತುಂಬ ಬಿಸಿಬೇಳೆಬಾತ್ ಮಾಡಿ ತಾನೇ ಬಡಿಸುತ್ತಿದ್ದಳು. ಅಂಕಲ್ ಒಂದು ಚಮಚ ತೆಗೆದುಕೊಂಡು ಬಾಯಿಗೆ ಹಾಕಲಿಲ್ಲ, ಮೂಗಿಗೆ ಹಿಡಿದರು. ಹೊಳ್ಳೆ ಎದ್ದಿತು. ಇದಕ್ಕೆ ಲವಂಗ ಹಾಕಿದ್ದಾರೋ ಲವಂಗದ ಎಣ್ಣೆ ಸುರಿದಿದ್ದಾರೋ, ಹಲ್ಲುನೋವಿನ ಔಷಧಿಯ ಹಾಗಿದೆ ಎಂದು ಎಲ್ಲರಿಗೂ ಕೇಳುವಂತೆ ಹೇಳಿ ತಟ್ಟೆ ಕೆಳಗಿಟ್ಟರು. ಕೆಲವರು ನಕ್ಕರು. ವೀಣಾ ಸೌಟು ಹಿಡಿದು ಹಾಗೆಯೇ ನಿಂತಿದ್ದಳು. ಸತೀಶನ ಮುಖ ಕಪ್ಪಿಟ್ಟಿತು. ಆವತ್ತು ನನಗೆ ಆ ಮುದುಕನನ್ನು ಕಂಡು ಅಸಹ್ಯವಾಯಿತು. ಅಷ್ಟು ಓದಿದವರು, ಅಷ್ಟು ವಯಸ್ಸಾದವರು, ಒಬ್ಬ ಹೆಣ್ಣುಮಗಳು ಬೆಳಗಿನಿಂದ ನಿಂತು ಮಾಡಿದ ಅಡಿಗೆಯನ್ನು ಹೀಗೆ ಒದೆಯಬಹುದೆ?

ಆದರೂ ನಾನು ಅವರ ಶಿಷ್ಯನಾದೆ. ಬಿಯರಿನ ಕಾರಣಕ್ಕೆ.

ಟೆಕ್ಸಾಸಿಗೆ ಬಂದ ಹೊಸತರಲ್ಲಿ ಆಫೀಸಿನ ಗೆಳೆಯನೊಬ್ಬ ಮನೆಯಲ್ಲೇ ಬಿಯರ್ ಮಾಡುವ ಸಾಮಾನಿನ ಡಬ್ಬಿಯೊಂದನ್ನು ನನಗೆ ಕೊಟ್ಟಿದ್ದ. ಪುಸ್ತಕ ನೋಡಿಕೊಂಡು ಒಂದು ಪೇಲ್ ಏಲ್ ಮಾಡಿದೆ. ಬಂಗಾರದ ಬಣ್ಣದ, ತುಸು ಕಹಿಯಾದ ಬಿಯರ್ ಅದು. ಕುಡಿದವರೆಲ್ಲ ಚೆನ್ನಾಗಿದೆ ಎಂದರು. ಹುರುಪಿನಲ್ಲಿ ಒಂದು ಬಾಟಲಿ ಹಿಡಿದು ಯೂಲೆಸ್‌ಗೆ ಹೋದೆ. ಅವರು ಗ್ಲಾಸಿಗೆ ಬಗ್ಗಿಸಿಕೊಂಡು ಮೂಸಿ, ಗ್ಯಾರೇಜಿನಿಂದ ಹೊರಗೆ ನಡೆದು, ಅಷ್ಟನ್ನೂ ಲಾನಿನ ಮೇಲೆ ಚೆಲ್ಲಿದರು. ‘ಹುಲ್ಲಿನ ವಾಸನೆ ಬರ್ತಿದೆ. ಹುಲ್ಲಿಗೇ ಹೋಗ್ಲಿ’ ಎಂದರು.

ಎಲ್ಲರೂ ಚೆನ್ನಾಗಿದೆ ಅಂದರಲ್ಲ ಅಂಕಲ್ ಎಂದೆ.

‘ಚೆನ್ನಾಗಿದೆ ಅನ್ನೋದು ರುಚಿ ಅಲ್ಲ ಕಣಯ್ಯ, ಸೌಜನ್ಯ. ಏನು ವಾಸನೆ ಬಂತು ಅಂತ ಒಬ್ಬರಾದ್ರೂ ಹೇಳಿದ್ರಾ?’

ಯಾರೂ ಹೇಳಿರಲಿಲ್ಲ. ಸಿಟ್ಟು ಬಂದರೂ ಮುಂದಿನ ವಾರ ಮತ್ತೆ ಹೋದೆ. ಅವರು ಆವತ್ತು ನನಗೆ ಒಣ ಹಾಪ್ಸ್ ಹಾಕುವುದನ್ನು ಕಲಿಸಿದರು. ಹಾಪ್ಸ್ ಎಂದರೆ ಒಂದು ಬಳ್ಳಿಯ ಹಸಿರು ಹೂವು. ಒಣಗಿಸಿ, ಒತ್ತಿ, ಗುಳಿಗೆಯ ಹಾಗೆ ಮಾಡಿ ಪೊಟ್ಟಣದಲ್ಲಿ ಮಾರುತ್ತಾರೆ. ಕುದಿಯುವಾಗ ಹಾಕಿದರೆ ಬಿಯರಿಗೆ ಕಹಿ ಕೊಡುತ್ತದೆ, ಆದರೆ ಪರಿಮಳವೆಲ್ಲ ಹಬೆಯ ಜೊತೆ ಹಾರಿಹೋಗುತ್ತದೆ. ಪರಿಮಳ ಬೇಕೆನ್ನುವವರು ಹುದುಗುವುದು ಮುಗಿದ ಮೇಲೆ, ತಣ್ಣಗಿನ ಬಿಯರಿಗೆ ಒಣ ಹೂವನ್ನು ಇನ್ನೊಂದು ಸಲ ಹಾಕಿ ಕೆಲವು ದಿನ ಬಿಡಬೇಕು. ಸಾರು ಇಳಿಸಿದ ಮೇಲೆ ಕೊತ್ತಂಬರಿ ಸೊಪ್ಪು ಹಾಕುತ್ತಾರಲ್ಲ, ಅಷ್ಟೇ ಎಂದರು. ಬಹಳ ದಿನ ಬಿಟ್ಟರೆ ಸೊಪ್ಪು ಕೊಳೆತ ಹಾಗೆ ಹುಲ್ಲು ಹುಲ್ಲಾಗುತ್ತದೆ, ನಾನು ಮಾಡಿದ್ದು ಅದನ್ನೇ. ಎಷ್ಟು ದಿನ ಬಿಡಬೇಕು ಎಂದು ಕೇಳಿದೆ. ದಿನಾ ಮೂಸು, ಅದೇ ಹೇಳುತ್ತದೆ ಎಂದರು.

ಅವರ ಪೇಲ್ ಏಲನ್ನು ಆವತ್ತು ಮೊದಲ ಸಲ ಕುಡಿದೆ. ಗ್ಲಾಸು ತುಟಿಗೆ ತಾಗುವ ಮೊದಲೇ ಯಾರೋ ಪಕ್ಕದಲ್ಲಿ ಚಕ್ಕೋತದ ಸಿಪ್ಪೆ ಸುಲಿದಂತಾಯಿತು. ಅದರ ಹಿಂದೆ ಮಾವಿನಕಾಯಿ ತೊಟ್ಟು ಮುರಿದಾಗ ಬರುವ ಸೊನೆಯ ಘಾಟು. ಕಹಿ ಆಮೇಲೆ ಬಂತು, ಬಂದಷ್ಟೇ ಮೆಲ್ಲಗೆ ಹೋಯಿತು. ಅವರು ನನ್ನನ್ನೇ ನೋಡುತ್ತಿದ್ದರು. ಚಕ್ಕೋತ ಎಂದೆ. ‘ಆಮೇಲೆ?’ ಎಂದರು. ಮಾವಿನ ಸೊನೆ ಎಂದೆ. ಅವರು ಇನ್ನೊಂದಿಷ್ಟು ಬಗ್ಗಿಸಿದರು. ಅವರು ನನಗೆ ಕೊಟ್ಟ ದೊಡ್ಡ ಸರ್ಟಿಫಿಕೇಟ್ ಅದೇ.

ಅವರ ಜೊತೆ ಹೊರಗೆ ಹೋಗುವುದು ಮಾತ್ರ ನರಕ. ಡಾಲಸ್‌ನ ಬಿಯರ್ ತಯಾರಿಸಿ ಮಾರುವ ಅಂಗಡಿಯೊಂದರಲ್ಲಿ, ತಯಾರಿಸಿದವನ ಎದುರಿಗೇ ಒಂದು ಗುಟುಕನ್ನು ವಾಪಸ್ಸು ಗ್ಲಾಸಿಗೆ ಉಗುಳಿದ್ದರು. ಉಗುಳಿದ್ದನ್ನು ಅವನ ಕಡೆಗೇ ತಳ್ಳಿ, ಬಿಯರ್ ಬರುವ ನಿನ್ನ ಪೈಪು ತೊಳಿ ಎಂದಿದ್ದರು. ನಾನು ತಲೆ ತಗ್ಗಿಸಿ ಹೊರಬಂದೆ. ಆ ಎಂಜಲು ತೇಲುವ ಗ್ಲಾಸು ಬಹಳ ದಿನ ಕಣ್ಣ ಮುಂದೆಯೇ ಇತ್ತು. ಬೇರೆಯವರ ಕೊಳಕಿಗೆ ಅಷ್ಟು ಹೇಸುವವರಿಗೆ ತಮ್ಮದರ ಬಗ್ಗೆ ಒಂದು ಚೂರೂ ಹೇಸಿಗೆ ಇರಲಿಲ್ಲ.

ಮುಂದೆ ನನ್ನನ್ನು ಆಫೀಸಿನವರು ಆಸ್ಟಿನ್ನಿನ ಪ್ರಾಜೆಕ್ಟಿಗೆ ಹಾಕಿದರು. ವಾರವೆಲ್ಲ ಅಲ್ಲಿ, ಶನಿವಾರ ಭಾನುವಾರಕ್ಕೆ ಡ್ರೈವ್ ಮಾಡಿಕೊಂಡು ಮನೆಗೆ. ಆ ಬೇಸಿಗೆಯಲ್ಲಿ ಅಂಕಲ್ ಆಸ್ಟಿನ್ನಿಗೆ ಬಂದಿದ್ದರು. ಮನೆಯಲ್ಲಿ ಬಿಯರ್ ಮಾಡುವವರ ಕೂಟವೊಂದು ಅಲ್ಲಿತ್ತು. ವಾಪಸ್ಸು ಹೋಗುವಾಗ ವೇಕೋ ಹತ್ತಿರ ಹೆದ್ದಾರಿಯಲ್ಲಿ ಟ್ರಾಫಿಕ್ ನಿಂತಿದ್ದಾಗ ಹಿಂದಿನಿಂದ ಪಿಕಪ್ ಟ್ರಕ್ಕೊಂದು ಅವರ ಕಾರಿಗೆ ಗುದ್ದಿತು. ತಲೆಗೆ ಪೆಟ್ಟಾಯಿತು. ಕೆಲವು ದಿನ ಆಸ್ಪತ್ರೆಯಲ್ಲಿದ್ದು, ಆಮೇಲೆ ಮಗಳ ಮನೆಯಲ್ಲಿ ಸುಧಾರಿಸಿಕೊಂಡು ಯೂಲೆಸ್‌ಗೆ ಮರಳಿದರು. ಫೋನು ಮಾಡಿದರೆ, ಗಟ್ಟಿಯಾಗಿದೀನಿ, ನಿನ್ನ ಕೆಲಸ ನೋಡಿಕೋ ಎಂದರು.

ಅದಾದ ಮೇಲೆ ಗುಂಪಿನಲ್ಲಿ ಒಂದು ಸುದ್ದಿ ಹರಡಿತು. ಅಪಘಾತವಾದ ಮೇಲೆ ಅಂಕಲ್ ಒಳ್ಳೆಯವರಾಗಿದ್ದಾರಂತೆ. ಯಾರ ಅಡಿಗೆಗೂ ಮೂಗು ಮುರಿಯುವುದಿಲ್ಲವಂತೆ, ಬಡಿಸಿದ್ದನ್ನು ಸುಮ್ಮನೆ ತಿನ್ನುತ್ತಾರಂತೆ, ಬಿಯರನ್ನೂ ಹೆಚ್ಚು ಹೆಚ್ಚು ಮಾಡಿ ತಂದು ಹಂಚುತ್ತಾರಂತೆ. ಸಾವಿನ ಬಾಗಿಲು ತಟ್ಟಿ ಬಂದವರು ಹಾಗೆ ಬದಲಾಗುವುದುಂಟು ಎಂದು ನಾನೂ ಅಂದುಕೊಂಡೆ.

ಅಕ್ಟೋಬರಿನ ಒಂದು ಶನಿವಾರ ಮಧ್ಯಾಹ್ನ ಸತೀಶನ ಮನೆಯಲ್ಲಿ ಎಲ್ಲರೂ ಸೇರಿದ್ದರು. ಬಹಳ ತಿಂಗಳ ಮೇಲೆ ನಾನು ಹೋಗಿದ್ದೆ. ಅಂಕಲ್ ಹಿತ್ತಿಲಿನ ಕುರ್ಚಿಯಲ್ಲಿ ಕೂತಿದ್ದರು, ಸ್ವಲ್ಪ ಇಳಿದಿದ್ದರು. ಪಕ್ಕದಲ್ಲಿ ಐಸ್ ಡಬ್ಬಿ. ನನ್ನನ್ನು ಕಂಡು ಅವರೇ ಎದ್ದು ಒಂದು ಗ್ಲಾಸು ಬಗ್ಗಿಸಿ ಕೊಟ್ಟರು. ಹೊಸ ಬ್ಯಾಚು, ಒಣ ಹಾಪ್ಸ್ ಎರಡರಷ್ಟು ಹಾಕಿದೀನಿ ಎಂದರು.

ಗ್ಲಾಸನ್ನು ಮೂಗಿನ ಹತ್ತಿರ ತಂದೆ. ಹೇಗೆ ಬರೆಯಲಿ? ಮಳೆಯಲ್ಲಿ ನೆಂದ ಷೂ ಒಳಗೆ ದಿನಗಟ್ಟಲೆ ಬಿಟ್ಟ ಕಾಲುಚೀಲ. ಅದರ ಮೇಲೆ ಹಳಸಿದ ಚೀಸು. ಗ್ಲಾಸನ್ನು ಕೆಳಗಿಳಿಸಿದೆ. ಆ ಕಡೆ ಈ ಕಡೆ ನೋಡಿದೆ. ಎಲ್ಲರ ಕೈಯಲ್ಲೂ ಅದೇ ಗ್ಲಾಸು. ‘ವಾಹ್ ಅಂಕಲ್’, ‘ಟಾಪ್ ಕ್ಲಾಸ್’ ಎನ್ನುತ್ತಾ, ಅವರು ಬೇರೆ ಕಡೆ ತಿರುಗಿದ ಕೂಡಲೇ ಬೇಲಿಯ ಬುಡಕ್ಕೆ ಚೆಲ್ಲುತ್ತಿದ್ದರು. ಚೆಲ್ಲಿದ ಜಾಗದಲ್ಲಿ ನೊಣ ಮುತ್ತಿದ್ದವು.

ಸತೀಶ ನನ್ನನ್ನು ಅಡಿಗೆಮನೆಗೆ ಎಳೆದುಕೊಂಡು ಹೋದ. ಅವನ ಕಣ್ಣುಗಳು ಹೊಳೆಯುತ್ತಿದ್ದವು. ಮುದುಕನಿಗೆ ಮೂಗು ಹೋಗಿದೆ, ಆಕ್ಸಿಡೆಂಟಿನಲ್ಲಿ ವಾಸನೆಯ ನರ ಕಿತ್ತುಹೋಗಿದೆ, ಯಾರಿಗೂ ಹೇಳಿಕೊಂಡಿಲ್ಲ, ಆದರೆ ನಾವು ಕಂಡುಹಿಡಿದಿದ್ದೇವೆ ಎಂದ. ಕಂಡುಹಿಡಿದದ್ದು ಹೇಗೆಂದು ತೋರಿಸಲು, ವೀಣಾ ಸೋಸಿಟ್ಟಿದ್ದ ಕಾಫಿಯ ಒಂದು ಲೋಟಕ್ಕೆ ಇಂಗಿನ ಪುಡಿ ಉದುರಿಸಿ ಕಲಕಿದ. ವೀಣಾ ಬೇಡ ಎಂದು ಕೈ ಅಡ್ಡ ಹಿಡಿದಳು. ಅವನು ಅವಳ ಕೈ ಸರಿಸಿ ಲೋಟವನ್ನು ಹಿತ್ತಿಲಿಗೆ ಒಯ್ದ. ನಾಲ್ಕೈದು ಜನ ಕಿಟಕಿಯ ಹತ್ತಿರ ಬಂದು ನಿಂತರು. ಇದು ಮೊದಲ ಸಲವಲ್ಲ ಎಂಬುದು ಅವರು ಜಾಗ ಹಿಡಿದ ರೀತಿಯಿಂದಲೇ ಗೊತ್ತಾಗುತ್ತಿತ್ತು.

ಅಂಕಲ್ ಒಂದು ಗುಟುಕು ಕುಡಿದರು. ನಾಲಗೆಯ ಮೇಲೆ ಏನೋ ತಾಗಿರಬೇಕು, ಕ್ಷಣ ತಡೆದರು. ಸುತ್ತ ಇದ್ದ ಮುಖಗಳನ್ನು ನೋಡಿದರು. ಆಮೇಲೆ, ಇನ್ನೊಬ್ಬರ ಮಾತನ್ನು ಬಾಯಿಪಾಠ ಒಪ್ಪಿಸುವವರ ಹಾಗೆ, ‘ಚೆನ್ನಾಗಿದೆ’ ಎಂದರು.

ಕಿಟಕಿಯ ಒಳಗೆ ನಿಂತವರು ಬಾಯಿಗೆ ಕೈ ಹಿಡಿದು ನಗುತ್ತಿದ್ದರು. ಒಬ್ಬನಿಗೆ ನಗು ತಡೆಯಲಾರದೆ ಮೂಗಿನಿಂದ ಸಿಂಬಳ ಬಂತು. ಅದನ್ನು ಅವನು ತೋಳಿಗೆ ಒರೆಸಿಕೊಂಡು ಮತ್ತೆ ನಕ್ಕ. ಆ ಗಳಿಗೆಯಲ್ಲಿ ನನಗೆ ಆ ಮನೆಯ ಗೋಡೆ, ತಟ್ಟೆ, ಅದರಲ್ಲಿದ್ದ ಗೋಬಿ ಮಂಚೂರಿಯ ಎಣ್ಣೆ, ನಮ್ಮವರ ಹಲ್ಲುಗಳು ಎಲ್ಲದರ ಮೇಲೂ ಹೇಸಿಗೆ ಹುಟ್ಟಿತು. ನಿಮಗೆ ನಾಚಿಕೆಯಾಗುವುದಿಲ್ಲವೆ ಎಂದು ಸತೀಶನನ್ನು ಕೇಳಿದೆ. ನನ್ನ ಹೆಂಡತಿಗೆ ಆವತ್ತು ಎಲ್ಲರ ಮುಂದೆ ಅಂದರಲ್ಲ, ಆಗ ಅವರಿಗೆ ನಾಚಿಕೆ ಆಗಿತ್ತಾ ಎಂದ. ಸಿಂಕಿನ ಹತ್ತಿರ ಬೆನ್ನು ತಿರುಗಿಸಿ ನಿಂತಿದ್ದ ವೀಣಾ, ‘ನನಗ ಅಂದಿದ್ರು, ನಾ ಮರ್ತೀನಿ. ನಿಮಗ್ಯಾಕ್ರಿ ಇದು?’ ಎಂದಳು.

ಮಾರನೆಯ ಬೆಳಿಗ್ಗೆ ನಾನು ಯೂಲೆಸ್‌ಗೆ ಹೋದೆ. ಗ್ಯಾರೇಜಿನ ಬಾಗಿಲು ತೆಗೆದಿತ್ತು. ಹೊರಗೆ ರಸ್ತೆಗೇ ಆ ಕಾಲುಚೀಲದ ನಾತ ಬರುತ್ತಿತ್ತು. ಅವರು ಒಳಗೆ ಪಾತ್ರೆ ತೊಳೆಯುತ್ತಿದ್ದರು, ಎಂದಿನ ಹಾಗೆ ಕನ್ನಡಿಯಂತೆ ಹೊಳೆಯುವವರೆಗೆ. ಸುತ್ತಿ ಬಳಸಿ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಎದುರಿಗೆ ನಿಂತಾಗ ಅದೆಲ್ಲ ಮರೆತುಹೋಯಿತು.

‘ಅಂಕಲ್, ನಿನ್ನೆ ಬಿಯರ್ ನಾರ್ತಾ ಇತ್ತು.’

ಅವರು ನಲ್ಲಿ ನಿಲ್ಲಿಸಿದರು. ಬಿಯರ್ ಬಗ್ಗೆ ನೀನು ನನಗೆ ಹೇಳುತ್ತೀಯ ಎಂದು ಕೂಗಾಡಿದರು. ಲಾನಿಗೆ ಚೆಲ್ಲಿದ್ದನ್ನು ಇನ್ನೂ ಮರೆತಿಲ್ಲವಾ, ಅದಕ್ಕೆ ಸೇಡಾ ಎಂದರು. ವಿಮಾನವೊಂದು ಬಂತು. ಅವರು ಬಾಯಿ ಮುಚ್ಚಿ ಕಾದರು. ಅದು ದಾಟಿ ಹೋದ ಮೇಲೂ ಮುಂದುವರಿಸಲಿಲ್ಲ. ಫ್ರೀಜರಿನ ಹತ್ತಿರ ಹೋಗಿ ಹಾಪ್ಸ್‌ನ ಒಂದು ದೊಡ್ಡ ಚೀಲ ತೆಗೆದು, ಅದರ ಬಾಯಿ ಬಿಚ್ಚಿ ನನ್ನ ಮೂಗಿಗೆ ಹಿಡಿದರು. ನಾನು ಹಿಂದಕ್ಕೆ ಹಾರಿ, ಬಾಗಿಲ ಹೊರಗೆ ಹೋಗಿ ಬಗ್ಗಿ ನಿಂತೆ. ಬೆಳಗಿನ ಕಾಫಿಯೆಲ್ಲ ಹೊರಬಂತು.

ಅವರಿಗೆ ಅಷ್ಟೇ ಸಾಕಾಯಿತು. ಅವರು ಆಸ್ಪತ್ರೆಯಲ್ಲಿದ್ದಾಗ ಬಿರುಗಾಳಿಗೆ ಯೂಲೆಸ್‌ನಲ್ಲಿ ಕೆಲವು ದಿನ ಕರೆಂಟು ಹೋಗಿತ್ತು. ಟೆಕ್ಸಾಸಿನ ಬೇಸಿಗೆಯಲ್ಲಿ ಮುಚ್ಚಿದ ಗ್ಯಾರೇಜಿನಲ್ಲಿ ಫ್ರೀಜರಿನೊಳಗಿನ ಚೀಲ ಬೆಂದುಹೋಗಿತ್ತು. ಅವರು ಮರಳುವಷ್ಟರಲ್ಲಿ ಕರೆಂಟು ಬಂದು ಮತ್ತೆ ಹೆಪ್ಪುಗಟ್ಟಿತ್ತು. ಹಾಪ್ಸ್ ಕೆಟ್ಟರೆ ಬರುವುದು ಚೀಸಿನ ನಾತ ಎಂದು ನನಗೆ ಕಲಿಸಿದವರೇ ಅವರು. ಬಣ್ಣ ಹೆಚ್ಚೇನೂ ಬದಲಾಗಿರಲಿಲ್ಲ. ಕಣ್ಣಿಗೆ ಸರಿಯಾಗಿದ್ದುದನ್ನು, ಕೈಗೆ ಗೊತ್ತಿದ್ದ ಅಳತೆಯಲ್ಲಿ, ಸರಿಯಾದ ದಿನಕ್ಕೆ ಹಾಕಿದ್ದರು. ಏನೂ ಗೊತ್ತಾಗದ್ದರಿಂದ ಪ್ರತಿ ಸಲವೂ ಇನ್ನಷ್ಟು ಹಾಕಿದ್ದರು.

ಅವರು ಮಗುಚಿದ ಬಕೆಟ್ಟಿನ ಮೇಲೆ ಕೂತರು. ಆಸ್ಪತ್ರೆಯಲ್ಲಿ ಎಚ್ಚರವಾದಾಗಲೇ ಗೊತ್ತಾಯಿತು ಎಂದರು. ಸಾಬೂನಿಗೆ ವಾಸನೆ ಇರಲಿಲ್ಲ, ಊಟಕ್ಕಿರಲಿಲ್ಲ, ಮೊಮ್ಮಗುವಿನ ತಲೆಗೂ ಇರಲಿಲ್ಲ. ನಾಲಗೆಗೆ ಉಪ್ಪು, ಹುಳಿ, ಸಿಹಿ, ಕಹಿ ಇಷ್ಟೇ. ಹೆಂಡತಿಗೂ ಹೇಳಿರಲಿಲ್ಲ.

‘ಜನ ಹೊಗಳಿದ್ರು ಕಣಯ್ಯ. ಜೀವಮಾನದಲ್ಲಿ ಮೊದಲನೇ ಸಲ ಜನರ ಮಾತು ನಂಬಿದೆ.’

ಆಮೇಲೆ ಯಾರು ಯಾರು ಹೊಗಳಿದರು ಎಂದು ನನ್ನನ್ನು ಕೇಳಲಿಲ್ಲ. ಅವರಿಗೆ ಗೊತ್ತಿತ್ತು. ಕಾಫಿಯಲ್ಲಿ ಏನಿತ್ತು ಎಂದು ಮಾತ್ರ ಕೇಳಿದರು. ಹೇಳಿದೆ.

ಆ ವಾರ ಅವರು ಸತೀಶನಿಗೆ ತಾವೇ ಫೋನು ಮಾಡಿ, ಶನಿವಾರ ಉಳಿದ ಬಿಯರೆಲ್ಲ ತರುತ್ತೇನೆ, ಎಲ್ಲರನ್ನೂ ಕರೆಸು ಎಂದರು. ಸತೀಶ ಖುಷಿಯಿಂದ ಕರೆದ. ನಾನೂ ಹೋದೆ. ಅಂಕಲ್ ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿದ್ದರು. ಹಿತ್ತಿಲಿನ ಮೇಜಿನ ಮೇಲೆ ಗ್ಲಾಸುಗಳನ್ನು ಜೋಡಿಸಿ, ಒಂದೊಂದನ್ನೂ ಅಂಚಿನವರೆಗೆ ತುಂಬಿ, ತಾವೇ ಒಬ್ಬೊಬ್ಬರ ಕೈಗೆ ಕೊಟ್ಟರು. ಕೊಟ್ಟು ಅಲ್ಲಿಯೇ ನಿಂತರು. ಬೇರೆ ಕಡೆ ತಿರುಗಲಿಲ್ಲ.

ಯಾರಿಗೂ ಚೆಲ್ಲಲು ಆಸ್ಪದವಾಗಲಿಲ್ಲ. ಸತೀಶ ಮೊದಲ ಗುಟುಕು ಕುಡಿದು ಸೂಪರ್ ಅಂಕಲ್ ಎಂದ. ಏನು ವಾಸನೆ ಬರುತ್ತಿದೆ ಎಂದು ಅವರು ಕೇಳಿದರು. ಚಕ್ಕೋತ ಎಂದ. ಅವರು ತಲೆಯಾಡಿಸಿ, ಪೂರ್ತಿ ಕುಡಿ, ಇನ್ನೂ ಇದೆ ಎಂದರು. ಅವನು ಕುಡಿದ. ಗಂಟಲ ಮಣಿ ಏರಿಳಿಯುವುದು, ಕಣ್ಣಂಚಿನಲ್ಲಿ ನೀರು ಬರುವುದು ನನಗೆ ಕಾಣುತ್ತಿತ್ತು. ಗ್ಲಾಸು ಖಾಲಿಯಾದ ಕೂಡಲೇ ಮತ್ತೆ ತುಂಬಿದರು. ಪಕ್ಕದವನನ್ನು ಕೇಳಿದರು, ಅವನು ಕಿತ್ತಳೆ ಎಂದ. ಅವನ ಪಕ್ಕದವನು ಅನಾನಸ್ ಎಂದ. ಹೀಗೆ ಒಂದು ಸುತ್ತು, ಎರಡನೆಯ ಸುತ್ತು. ಯಾರೂ ನಗುತ್ತಿರಲಿಲ್ಲ. ಕಳೆದ ವಾರ ಸಿಂಬಳ ಒರೆಸಿಕೊಂಡವನು ಬಾಯಿಗೆ ಕೈ ಹಿಡಿದುಕೊಂಡು ಒಳಗೆ ಓಡಿದ. ಅವನು ಕಕ್ಕುವ ಸದ್ದು ಹಿತ್ತಿಲಿಗೂ ಕೇಳಿಸಿತು. ಆ ಸದ್ದಿನ ನಡುವೆಯೂ ಸತೀಶ, ಈ ಸಲ ಫ್ಲೇವರ್ ಇನ್ನೂ ಜಾಸ್ತಿ ಬಂದಿದೆ ಅಂಕಲ್ ಎಂದ. ತಾವು ಸಿಕ್ಕಿಬಿದ್ದದ್ದು ಅವರಿಗೆಲ್ಲ ಅಷ್ಟರಲ್ಲಿ ತಿಳಿದಿತ್ತು ಎಂದು ನನಗೆ ಅನ್ನಿಸುತ್ತದೆ. ಆದರೂ ಹೊಗಳುತ್ತಲೇ ಇದ್ದರು. ನಿಲ್ಲಿಸುವುದು ಹೇಗೆಂದು ಅವರಿಗೆ ಗೊತ್ತಿರಲಿಲ್ಲ.

ವೀಣಾ ಒಳಗಿನಿಂದ ಬಂದಳು. ಅವಳು ಬಿಯರ್ ಕುಡಿಯುವವಳಲ್ಲ. ಗಂಡನ ಕೈಯಲ್ಲಿದ್ದ ಗ್ಲಾಸನ್ನು ಕಸಿದು ಮೇಜಿನ ಮೇಲಿಟ್ಟು, ಅಂಕಲ್ ಎದುರಿಗೆ ನಿಂತಳು.

‘ಅಂಕಲ್, ಇದು ನಾತ ಬಡೀತದ್ರಿ. ಮೊದಲನೇ ಸಲದಿಂದನ ಬಡೀತಿತ್ರಿ. ಗ್ಲಾಸ್ ತೊಳಿಯೂ ಮುಂದ ನನಗ ಗೊತ್ತಾಗ್ತಿತ್ತು.’

ಅಂಕಲ್ ಕೈಯಲ್ಲಿದ್ದ ಬಾಟಲಿಯನ್ನು ಮೇಜಿನ ಮೇಲಿಟ್ಟರು. ಅವರು ಕ್ಷಮೆ ಕೇಳುತ್ತಾರೆ ಎಂದು ನಾನು ಕಾದೆ. ಕೇಳಲಿಲ್ಲ. ‘ಆವತ್ತು ಬಾತ್‌ಗೆ ಲವಂಗ ಜಾಸ್ತಿ ಆಗಿದ್ದು ನಿಜ ಕಣಮ್ಮ’ ಎಂದರು.

‘ಹೌದ್ರಿ, ಜಾಸ್ತಿನ ಆಗಿತ್ತು. ಆದ್ರ ಒಳಗ ಬಂದು ನನಗೊಬ್ಬಾಕಿಗೆ ಹೇಳಬಹುದಿತ್ತು.’

ಅದಕ್ಕೆ ಅವರು ತಲೆ ತಗ್ಗಿಸಿದರು. ಅವರು ತಲೆ ತಗ್ಗಿಸಿದ್ದನ್ನು ನಾನು ಕಂಡದ್ದು ಅದೊಂದೇ ಸಲ. ಉಳಿದ ಬಾಟಲಿಗಳನ್ನು ಐಸ್ ಡಬ್ಬಿಗೆ ತುಂಬಿ, ಮುಚ್ಚಳ ಹಾಕಿ, ಎತ್ತಿಕೊಂಡು ಹೊರಟರು. ಗೇಟಿನ ಹತ್ತಿರ ತಿರುಗಿ ನಿಂತು, ಗ್ಲಾಸು ಹಿಡಿದವರನ್ನೆಲ್ಲ ಒಮ್ಮೆ ನೋಡಿದರು.

‘ನನಗೆ ಮೂಗಿರಲಿಲ್ಲ. ನಿಮಗೆಲ್ಲ ಇತ್ತಲ್ಲ?’

ಸತೀಶ ಆಮೇಲೆ ನನಗೆ ಫೋನು ಮಾಡಿ, ನೀನೇ ಹೇಳಿದ್ದು ತಾನೆ, ಒಂದು ತಮಾಷೆಯನ್ನು ಎಲ್ಲಿಗೋ ಎಳೆದುಬಿಟ್ಟೆ ಎಂದು ಬೈದ. ನಾನು ಕಾಪೆಲ್‌ನ ಆ ಮನೆಗೆ ಹೋಗುವುದನ್ನು ನಿಲ್ಲಿಸಿದೆ. ವೀಣಾ ನಮ್ಮ ಮನೆಗೆ ಬರುತ್ತಾಳೆ, ಒಬ್ಬಳೇ.

ಅಂಕಲ್ ಚಳಿಗಾಲದ ಹೊತ್ತಿಗೆ ಯೂಲೆಸ್‌ನ ಮನೆ ಮಾರಿ ಹೂಸ್ಟನ್‌ಗೆ ಮಗಳ ಹತ್ತಿರ ಶಿಫ್ಟ್ ಆದರು. ಹೋಗುವ ಮೊದಲು ಗ್ಯಾರೇಜಿನ ಪಾತ್ರೆಗಳನ್ನೆಲ್ಲ ನನ್ನ ವ್ಯಾನಿಗೆ ಹೇರಿಸಿದರು. ಕೊಡುವಾಗಲೂ ಒಂದು ಒಳ್ಳೆಯ ಮಾತಿಲ್ಲ. ಇವಕ್ಕೂ ನಿನ್ನ ಹುಲ್ಲಿನ ವಾಸನೆ ಹತ್ತಿಸಬೇಡ ಎಂದರು. ವಾಸನೆ ಮರಳಿ ಬರಬಹುದೆಂದು ಡಾಕ್ಟರು ಹೇಳಿದ್ದರಂತೆ. ಬರಲಿಲ್ಲ.

ಒಂದೆರಡು ವರ್ಷವಾದ ಮೇಲೆ ಕೆಲಸದ ಮೇಲೆ ಹೂಸ್ಟನ್‌ಗೆ ಹೋಗಿದ್ದಾಗ ಅವರನ್ನು ನೋಡಲು ಹೋದೆ. ಆಂಟಿ ಊಟ ಬಡಿಸಿದರು. ಅವರು ತಟ್ಟೆಯ ಕಡೆ ನೋಡದೆ, ಒಂದು ಕೆಲಸ ಮುಗಿಸುವ ಹಾಗೆ ತಿಂದರು. ಊಟವಾದ ಮೇಲೆ, ಕಾರು ತೆಗಿ, ನಾನು ಕೆಲಸ ಮಾಡುತ್ತಿದ್ದ ಕಡೆಗೆ ಒಂದು ಸುತ್ತು ಹೋಗಿ ಬರೋಣ ಎಂದರು.

ಊರಿನ ಪೂರ್ವಕ್ಕೆ, ಹಡಗುಗಳು ಬರುವ ಕಾಲುವೆಯ ಬದಿಗೆ, ತೈಲ ಶುದ್ಧೀಕರಣದ ಕಾರ್ಖಾನೆಗಳು ಸಾಲಾಗಿ ನಿಂತಿವೆ. ಕೊಳವೆ, ಗೋಪುರ, ತುದಿಯಲ್ಲಿ ಉರಿಯುವ ಬೆಂಕಿ. ಸೇತುವೆ ಇಳಿಯುತ್ತಿದ್ದ ಹಾಗೆ ಕಾರಿನೊಳಕ್ಕೆ ನಾತ ನುಗ್ಗಿತು. ಮುಖ ಸಿಂಡರಿಸಿಕೊಂಡು ಕಿಟಕಿ ಏರಿಸುವ ಗುಂಡಿ ಒತ್ತಿದೆ. ಅವರು ನನ್ನ ಮುಖವನ್ನೇ ನೋಡುತ್ತಿದ್ದರು.

‘ಬಂತಾ?’ ಎಂದರು.

ಬಂತು ಎಂದೆ.

ಅವರು ತಮ್ಮ ಬದಿಯ ಕಿಟಕಿಯನ್ನು ಪೂರ್ತಿ ಇಳಿಸಿದರು. ನನ್ನದನ್ನೂ ಇಳಿಸಲು ಹೇಳಿದರು. ರಸ್ತೆಯ ಪಕ್ಕಕ್ಕೆ ನಿಲ್ಲಿಸಿದೆ. ಅವರು ಮುಖ ಹೊರಗೆ ಚಾಚಿ, ಎದೆ ಉಬ್ಬುವಷ್ಟು ಉಸಿರೆಳೆದುಕೊಂಡು, ಹಾಗೆಯೇ ಹಿಡಿದು, ನಿಧಾನವಾಗಿ ಬಿಟ್ಟರು. ಮತ್ತೆ ಎಳೆದುಕೊಂಡರು. ಕೆಲಸಕ್ಕಿದ್ದಷ್ಟು ವರ್ಷ ದಿನಾ ಈ ಗಾಳಿಗೆ ಬೈದುಕೊಂಡು ಒಳಗೆ ಹೋಗುತ್ತಿದ್ದೆ ಎಂದರು. ಮನೆಗೆ ಹೋದ ಮೇಲೂ ಶರ್ಟು ಬಿಚ್ಚಿ ಬಾಗಿಲ ಹೊರಗೆ ಹಾಕುತ್ತಿದ್ದರಂತೆ.

‘ಏನು ಬರ್ತಿದೆ, ಹೇಳು.’

‘ಕೊಳೆತ ಮೊಟ್ಟೆ ಅಂಕಲ್.’

‘ಅದು ಎಲ್ಲರೂ ಹೇಳ್ತಾರೆ. ಅದರ ಹಿಂದೆ ಏನಿದೆ?’

ಮುಖವನ್ನು ಕಿಟಕಿಯ ಕಡೆ ತಿರುಗಿಸಿ ಇನ್ನೊಂದು ಸಲ ಮೂಸಿದೆ. ಡಾಂಬರು ಇತ್ತು. ಸುಟ್ಟ ರಬ್ಬರು ಇತ್ತು. ಇನ್ನೂ ಒಳಗೆ ಏನೋ ಸಿಹಿಯಾದ, ಸತ್ತ ಇಲಿಯಂಥದ್ದು. ಒಂದೊಂದಾಗಿ ಹೇಳಿದೆ. ಒಂದೊಂದಕ್ಕೂ ಅವರು ಕಣ್ಣು ಮುಚ್ಚಿ ಹ್ಞೂಂ ಎನ್ನುತ್ತಿದ್ದರು. ನನಗೆ ತಲೆ ಸುತ್ತುತ್ತಿತ್ತು. ಇನ್ನು ಹೊರಡೋಣವೇ ಎಂದು ಕೇಳಿದೆ. ಅವರು ನನ್ನ ತೋಳು ಹಿಡಿದುಕೊಂಡರು.

‘ಇನ್ನೊಂದು ಸಲ’ ಎಂದರು.

ಕಿಟಕಿ ತೆರೆದೇ ಇತ್ತು. ನಾನು ಉಸಿರೆಳೆದುಕೊಂಡೆ.